ತಾರೆ ಮತ ಕೇಳಲು ಬಂದಾಗ ಅಭ್ಯರ್ಥಿಯನ್ನು ಅಳೆಯುವ ಬಗೆ

ಮಂಡ್ಯದಲ್ಲಿ ಚುನಾವಣೆ ಬಂತೆಂದರೆ ಸಿನಿಮಾದವರು ಬಂದೇ ಬರುತ್ತಾರೆ. ಅಂಬರೀಶ್ 1998, 1999, 2004ರಲ್ಲಿ ಸತತ ಮೂರು ಸಲ ಇಲ್ಲಿಂದ ಲೋಕಸಭೆಗೆ ಹೋದರು. 2013ರ ಉಪಚುನಾವಣೆಯಲ್ಲಿ ರಮ್ಯಾ ಗೆದ್ದರು, ಮರುವರ್ಷವೇ ಐದು ಸಾವಿರ ಚಿಲ್ಲರೆ ಮತಗಳಲ್ಲಿ ಸೋತರು. 2019ರಲ್ಲಿ ಸುಮಲತಾ ಅಂಬರೀಶ್ ಪಕ್ಷೇತರರಾಗಿ ನಿಂತು ನಿಖಿಲ್ ಕುಮಾರಸ್ವಾಮಿಯವರನ್ನು 1,25,876 ಮತಗಳ ಅಂತರದಲ್ಲಿ ಸೋಲಿಸಿದರು. ಎದುರುಬದುರಾಗಿ ನಿಂತ ಇಬ್ಬರೂ ಸಿನಿಮಾದವರು, ಸುಮಲತಾ ಪರ ಊರೂರು ಸುತ್ತಿದ ದರ್ಶನ್, ಯಶ್ ಇಬ್ಬರೂ ಸಿನಿಮಾದವರು. ಆ ಬೇಸಿಗೆಯಲ್ಲಿ ನಮ್ಮ ಕಡೆ ಅಂಗಡಿ ಕಟ್ಟೆಯ ಮೇಲೆ ನಾಲೆ ನೀರಿನ ಮಾತೇ ಇರಲಿಲ್ಲ, ಬರೀ ಜೋಡೆತ್ತಿನ ಮಾತು; ದರ್ಶನ್, ಯಶ್ ಜೋಡಿಗೆ ಬಿದ್ದಿದ್ದ ಹೆಸರದು.

ನಾನು ಪಾಂಡವಪುರ ತಾಲ್ಲೂಕಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಸರ್ವೀಸಿನಲ್ಲಿದ್ದಾಗ ಮತಗಟ್ಟೆ ಡ್ಯೂಟಿಯನ್ನೂ ಮಾಡಿದ್ದೇನೆ. ಈಗ ಚುನಾವಣೆ ಹತ್ತಿರ ಬಂದಾಗ ನಮ್ಮೂರ ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳನ್ನೂ ಮೊದಲ ಸಲ ಮತ ಹಾಕುವ ಹುಡುಗರನ್ನೂ ಕೂರಿಸಿಕೊಂಡು ಅಭ್ಯರ್ಥಿಗಳ ಕಾಗದಪತ್ರ ಓದಿಸುತ್ತೇನೆ. ಅವರಿಗೆ ಹೇಳಿಕೊಡುವುದನ್ನೇ ಇಲ್ಲಿ ಬರೆದಿದ್ದೇನೆ. ಯಾರಿಗೆ ಮತ ಹಾಕಿ ಎಂದು ಹೇಳುವುದು ನನ್ನ ಕೆಲಸವಲ್ಲ. ಒಬ್ಬ ನಟನ ಮೇಲೆ ನಮಗಿರುವ ಪ್ರೀತಿಯನ್ನು ಇನ್ನೊಬ್ಬರು ತಮ್ಮ ಮತವಾಗಿ ಎತ್ತಿಕೊಂಡು ಹೋಗದ ಹಾಗೆ ನೋಡಿಕೊಳ್ಳುವುದು ಹೇಗೆ ಎಂಬುದಷ್ಟೇ ನನ್ನ ವಿಷಯ.

ಮೊದಲೇ ಒಂದು ಮಾತು. ಸಿನಿಮಾದವರು ಎಂಬ ಒಂದೇ ಕಾರಣಕ್ಕೆ ಯಾರನ್ನೂ ತಳ್ಳಿಹಾಕಬೇಡಿ. ಅನಂತ್ ನಾಗ್ 1994ರಲ್ಲಿ ಮಲ್ಲೇಶ್ವರದಿಂದ ಗೆದ್ದು ಜೆ.ಎಚ್. ಪಟೇಲರ ಸಂಪುಟದಲ್ಲಿ ಮಂತ್ರಿಯಾಗಿದ್ದರು. ಉಮಾಶ್ರೀ 2013ರಲ್ಲಿ ತೇರದಾಳದಿಂದ ಗೆದ್ದು ಕನ್ನಡ ಮತ್ತು ಸಂಸ್ಕೃತಿ ಖಾತೆ ನೋಡಿಕೊಂಡರು. ರಾಜ್‌ಕುಮಾರ್ ಗೋಕಾಕ್ ಚಳವಳಿಯಲ್ಲಿ ಊರೂರಿಗೆ ಬಂದರೂ ಒಂದು ಚುನಾವಣೆಗೂ ನಿಲ್ಲಲಿಲ್ಲ. ನನ್ನ ಮಟ್ಟಿಗೆ ಅದೂ ಒಂದು ಘನತೆಯೇ. ಕಾವೇರಿ ನ್ಯಾಯಮಂಡಳಿಯ ಅಂತಿಮ ತೀರ್ಪು ಬಂದ 2007ರ ಫೆಬ್ರವರಿಯಲ್ಲಿ ಅಂಬರೀಶ್ ಕೇಂದ್ರ ಮಂತ್ರಿಗಿರಿಗೆ ರಾಜೀನಾಮೆ ಕೊಟ್ಟರು. ಅದರಿಂದ ನೀರೆಷ್ಟು ಬಂತು ಎಂದು ಯಾರಾದರೂ ವಾದ ಮಾಡಬಹುದು. ಆದರೆ ಕುರ್ಚಿ ಬಿಡುತ್ತೇನೆ ಎಂದು ಹೇಳಿದ್ದು ನಮ್ಮ ಜಿಲ್ಲೆಯ ರೈತರ ಮನಸ್ಸಿನಲ್ಲಿ ಇವತ್ತಿಗೂ ಉಳಿದಿದೆ, ಉಳಿಯಬೇಕಾದದ್ದೇ.

ರೋಡ್ ಶೋಗೆ ಮುಂಚೆ: ಅಫಿಡವಿಟ್ ಓದಿ

ನಟ ಊರಿಗೆ ಬರುವ ಮೊದಲೇ ಈ ಕೆಲಸ ಮುಗಿಸಿಕೊಳ್ಳಿ. ಅವರು ಬಂದು ಕೈಬೀಸಿ ಹೋದ ಮೇಲೆ ಓದಲು ಕೂತರೆ ಮನಸ್ಸು ನಿಲ್ಲುವುದಿಲ್ಲ, ಅದನ್ನು ನಾನು ಹುಡುಗರಲ್ಲಿ ಕಂಡಿದ್ದೇನೆ.

ಪ್ರತಿ ಅಭ್ಯರ್ಥಿಯೂ ನಾಮಪತ್ರದ ಜೊತೆ ಫಾರಂ 26 ಎಂಬ ಪ್ರಮಾಣಪತ್ರ ಕೊಡಲೇಬೇಕು. ಅದು ಚುನಾವಣಾ ಆಯೋಗದ ಅಫಿಡವಿಟ್ ಜಾಲತಾಣದಲ್ಲಿ ಸಿಗುತ್ತದೆ, ಚುನಾವಣಾಧಿಕಾರಿಯ ಕಚೇರಿಯ ನೋಟಿಸ್ ಬೋರ್ಡಿನಲ್ಲೂ ಹಾಕಿರುತ್ತಾರೆ. ಮೊಬೈಲಿನಲ್ಲಿ ಓದಲು ಕಷ್ಟವಾದರೆ ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ. ನಾವು ಸಂಘದ ದುಡ್ಡಿನಲ್ಲೇ ತೆಗೆಸುತ್ತೇವೆ.

ಎಲ್ಲಾ ಪುಟ ಓದುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಹಾಗಾಗಿ ನಾನು ಓದಿಸುವ ಕ್ರಮ ಹೀಗೆ: ಮೊದಲು ಕ್ರಿಮಿನಲ್ ಪ್ರಕರಣಗಳ ಭಾಗ. ಬರೀ ದೂರು ದಾಖಲಾಗಿದೆಯೋ, ನ್ಯಾಯಾಲಯ ದೋಷಾರೋಪ ಹೊರಿಸಿದೆಯೋ, ಶಿಕ್ಷೆಯಾಗಿದೆಯೋ ನೋಡಿ; ಮೂರರ ತೂಕವೂ ಬೇರೆ. ಹೋರಾಟಕ್ಕೆ ಹೋಗಿ ರಸ್ತೆ ತಡೆದ ಕೇಸಿಗೂ ಹೆಂಗಸಿನ ಮೇಲೆ ಕೈಮಾಡಿದ ಕೇಸಿಗೂ ಅಜಗಜಾಂತರ, ಆದ್ದರಿಂದ ಕೇಸುಗಳ ಸಂಖ್ಯೆ ಎಣಿಸಿ ನಿಲ್ಲಿಸದೆ ಯಾವ ಕಲಮಿನಡಿ ಎಂದು ಓದಿ. ಕೇಸಿರುವವರು ಅದನ್ನು ಪತ್ರಿಕೆಯಲ್ಲೂ ಟಿವಿಯಲ್ಲೂ ಮೂರು ಸಲ ಪ್ರಕಟಿಸಬೇಕೆಂಬ ನಿಯಮವೂ 2018ರಿಂದ ಇದೆ. ಮೂಲೆಯಲ್ಲಿ ಚಿಕ್ಕ ಅಕ್ಷರದಲ್ಲಿ ಹಾಕಿಸುತ್ತಾರೆ, ಕಣ್ಣಿಡಿ.

ಪ್ರಚಾರಕ್ಕೆ ಬಂದ ನಟನ ಮೇಲಿನ ಕೇಸಿನ ವಿಚಾರ ಹುಡುಗರು ತೆಗೆದೇ ತೆಗೆಯುತ್ತಾರೆ. ಅದು ನ್ಯಾಯಾಲಯ ನೋಡಿಕೊಳ್ಳುವ ವಿಷಯ. ಓಟು ಕೇಳುತ್ತಿರುವವರ ಹಾಳೆ ನಿಮ್ಮ ಕೈಯಲ್ಲಿರಲಿ.

ಆಮೇಲೆ ಆಸ್ತಿ ಮತ್ತು ಸಾಲ. ಅಭ್ಯರ್ಥಿ, ಅವರ ಗಂಡ ಅಥವಾ ಹೆಂಡತಿ, ಅವಲಂಬಿತರು, ಎಲ್ಲರ ಲೆಕ್ಕ ಬೇರೆ ಬೇರೆ ಕಾಲಮ್ಮಿನಲ್ಲಿರುತ್ತದೆ. ಐದು ವರ್ಷದ ಆದಾಯ ತೆರಿಗೆ ವಿವರದಲ್ಲಿ ತೋರಿಸಿದ ಆದಾಯವೂ ಇರುತ್ತದೆ. ಆದಾಯದ ಮೂಲ ಎಂಬಲ್ಲಿ ಏನು ಬರೆದಿದ್ದಾರೆ ಎಂಬುದನ್ನು ಸಿನಿಮಾದವರ ವಿಷಯದಲ್ಲಿ ವಿಶೇಷವಾಗಿ ನೋಡಿ. ನಟನೆಯ ಸಂಭಾವನೆಯೋ, ನಿರ್ಮಾಣ ಸಂಸ್ಥೆಯ ಪಾಲೋ, ಜಮೀನಿನ ವ್ಯವಹಾರವೋ? ಸರ್ಕಾರಕ್ಕೆ ಕಟ್ಟಬೇಕಾದ ಬಾಕಿ ಏನಾದರೂ ಇದೆಯೇ? ಅವರು ಹಿಂದೆಯೂ ನಿಂತಿದ್ದರೆ ಆಗಿನ ಅಫಿಡವಿಟ್ ತೆಗೆದು ಪಕ್ಕದಲ್ಲಿಟ್ಟು ಓದಿ. ಆಸ್ತಿ ಹೆಚ್ಚಿರುವುದು ತಪ್ಪಲ್ಲ. ಎಲ್ಲಿಂದ ಹೆಚ್ಚಿತು ಎಂದು ಹಾಳೆಯಲ್ಲೇ ಕಾಣಬೇಕು, ಕಾಣದಿದ್ದರೆ ಅದೇ ನಿಮ್ಮ ಪ್ರಶ್ನೆ. ಯಾವ ಕಾಲಮ್ಮನ್ನೂ ಖಾಲಿ ಬಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಸುಳ್ಳು ಬರೆದರೆ ಆರು ತಿಂಗಳವರೆಗೆ ಶಿಕ್ಷೆ ಎಂದು ಪ್ರಜಾಪ್ರತಿನಿಧಿ ಕಾಯ್ದೆಯ 125ಎ ಕಲಮು ಹೇಳುತ್ತದೆ.

ಓದಿನ ಕಾಲಮ್ಮಿಗೆ ಹೆಚ್ಚು ಬೆಲೆ ಕೊಡಬೇಡಿ. ಮೇಷ್ಟ್ರ ಕೆಲಸ ಮಾಡಿದವಳಾಗಿಯೂ ಈ ಮಾತು ಹೇಳುತ್ತೇನೆ. ಪದವಿ ಇಲ್ಲದೆಯೂ ಕಡತ ಓದಿ ಅಧಿಕಾರಿಗಳನ್ನು ನಿಲ್ಲಿಸಿ ಕೇಳುವವರಿದ್ದಾರೆ.

ನಮ್ಮ ಕಡೆಯ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಹಲ್ಲು ಎಣಿಸುತ್ತಾನೆ, ಗೊರಸು ಎತ್ತಿ ನೋಡುತ್ತಾನೆ, ಸುಳಿ ನೋಡುತ್ತಾನೆ. ಕೊರಳ ಗೆಜ್ಜೆ ನೋಡಿ ದುಡ್ಡು ಎಣಿಸುವ ರೈತನನ್ನು ನಾನಂತೂ ಕಂಡಿಲ್ಲ. ಜೋಡೆತ್ತು ಎಂದು ಕೂಗಿದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಖರ್ಚು ಯಾರ ಲೆಕ್ಕಕ್ಕೆ ಹೋಗುತ್ತದೆ, ತಿಳಿದುಕೊಳ್ಳಿ

ಕ್ರೇನಿನಲ್ಲಿ ತೂಗುಹಾಕಿದ ಸೇಬಿನ ಹಾರ, ಜೆಸಿಬಿ ಬಕೆಟ್ಟಿನಿಂದ ಸುರಿಯುವ ಹೂವು, ಮುಂದೆ ಡೊಳ್ಳು, ತಮಟೆ, ಹಿಂದೆ ನೂರಾರು ಬೈಕು. ಇದು ಯಾರ ದುಡ್ಡು?

ಈಗ ಲೋಕಸಭಾ ಅಭ್ಯರ್ಥಿ ಕರ್ನಾಟಕದಲ್ಲಿ ಗರಿಷ್ಠ 95 ಲಕ್ಷ, ವಿಧಾನಸಭಾ ಅಭ್ಯರ್ಥಿ 40 ಲಕ್ಷ ರೂಪಾಯಿ ಖರ್ಚು ಮಾಡಬಹುದು. 2019ರಲ್ಲಿ ಲೋಕಸಭೆಗೆ 70 ಲಕ್ಷದ ಮಿತಿ ಇತ್ತು. ಇದರಲ್ಲಿ ಒಂದು ವಿನಾಯಿತಿ ಇದೆ: ಪಕ್ಷ ತನ್ನ ತಾರಾ ಪ್ರಚಾರಕರ ಪಟ್ಟಿಯನ್ನು ಆಯೋಗಕ್ಕೆ ಕೊಟ್ಟರೆ, ಪಟ್ಟಿಯಲ್ಲಿರುವವರ ಪ್ರಯಾಣದ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಸೇರುವುದಿಲ್ಲ. ಮಾನ್ಯತೆ ಪಡೆದ ಪಕ್ಷಕ್ಕೆ 40, ನೋಂದಣಿ ಮಾತ್ರ ಆಗಿರುವ ಪಕ್ಷಕ್ಕೆ 20 ಹೆಸರು. ಇಲ್ಲಿ ತಾರೆ ಎಂದರೆ ಸಿನಿಮಾ ತಾರೆ ಎಂದು ಅರ್ಥವಲ್ಲ. ಪಟ್ಟಿಯಲ್ಲಿ ಹೆಸರಿಲ್ಲದ ಎಷ್ಟೇ ದೊಡ್ಡ ನಟ ಬಂದರೂ ಆ ವಿನಾಯಿತಿ ಸಿಗದು. ಪಕ್ಷೇತರರಿಗೆ ಪಕ್ಷವೇ ಇಲ್ಲವಾದ್ದರಿಂದ ಪಟ್ಟಿಯೂ ಇಲ್ಲ. ಅವರ ಪರ ಬಂದ ನಟರ ಪ್ರಚಾರದ ಖರ್ಚು ಅಭ್ಯರ್ಥಿಯದೇ ಲೆಕ್ಕಕ್ಕೆ.

ನೀವು ಮಾಡಬೇಕಾದ್ದು ಇಷ್ಟು. ಮೆರವಣಿಗೆ ಬಂದಾಗ ಕ್ರೇನು, ಜೆಸಿಬಿ, ಧ್ವನಿವರ್ಧಕದ ಗಾಡಿ, ವೇದಿಕೆ ಇದ್ದದ್ದನ್ನು ದಿನಾಂಕದ ಸಮೇತ ಬರೆದಿಟ್ಟುಕೊಳ್ಳಿ. ದುಡ್ಡು, ಸೀರೆ, ಬಾಟಲಿ ಹಂಚುವುದು ಕಂಡರೆ ಸಿ-ವಿಜಿಲ್ ಆ್ಯಪಿನಲ್ಲಿ ಅಲ್ಲೇ ಫೋಟೊ ತೆಗೆದು ಕಳಿಸಿ, ಹೆಸರು ಹೇಳದೆಯೂ ಕಳಿಸಬಹುದು. 100 ನಿಮಿಷದೊಳಗೆ ಕ್ರಮ ಎಂಬುದು ಆಯೋಗದ ಗುರಿ. ನೀತಿಸಂಹಿತೆ ಜಾರಿಯಲ್ಲಿರುವಾಗ ಮಾತ್ರ ಅದು ಕೆಲಸ ಮಾಡುತ್ತದೆ. ಫಲಿತಾಂಶ ಬಂದ 30 ದಿನದೊಳಗೆ ಪ್ರತಿ ಅಭ್ಯರ್ಥಿಯೂ ಖರ್ಚಿನ ಲೆಕ್ಕ ಒಪ್ಪಿಸಬೇಕು. ಆ ಲೆಕ್ಕವನ್ನು ಒಂದು ರೂಪಾಯಿ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು ಎಂದು 1961ರ ಚುನಾವಣಾ ನಿಯಮಗಳಲ್ಲೇ ಇದೆ. ನೀವು ಬರೆದಿಟ್ಟ ಕ್ರೇನು ಆ ಲೆಕ್ಕದಲ್ಲಿ ಇದೆಯೋ ಇಲ್ಲವೋ ನೋಡಿ.

ಮೆರವಣಿಗೆಯ ದಿನ

ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ಪ್ರಚಾರಕ್ಕೆ ಮಕ್ಕಳನ್ನು ಬಳಸಬಾರದೆಂದು ಆಯೋಗವೇ ಪಕ್ಷಗಳಿಗೆ ಕಟ್ಟುನಿಟ್ಟಾಗಿ ಹೇಳಿದೆ. ಆದರೆ ನನ್ನ ಕಾರಣ ಬೇರೆ. 2025ರ ಸೆಪ್ಟೆಂಬರ್ 27ರಂದು ತಮಿಳುನಾಡಿನ ಕರೂರಿನಲ್ಲಿ ನಟ ವಿಜಯ್ ಅವರ ಪಕ್ಷದ ಸಭೆಯಲ್ಲಿ ನೂಕುನುಗ್ಗಲಾಗಿ 41 ಜನ ಸತ್ತರು, ಅದರಲ್ಲಿ ಮಕ್ಕಳೂ ಇದ್ದರು. ಅದೇ ವರ್ಷ ಜೂನ್ 4ರಂದು ಬೆಂಗಳೂರಿನಲ್ಲಿ ಆರ್‌ಸಿಬಿ ತಂಡಕ್ಕೆ ವಿಧಾನಸೌಧದ ಮೆಟ್ಟಿಲ ಮೇಲೆ ಸರ್ಕಾರ ಸನ್ಮಾನ ಇಟ್ಟುಕೊಂಡಿತ್ತು. ಆ ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ 11 ಜನ ಸತ್ತರು, ಬಹುಪಾಲು ಎಳೆಯರು. ತಾರೆಯ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವ ಆತುರ ಆಳುವವರಿಗೆ ಬಂದುಬಿಟ್ಟರೆ ಗೇಟಿನಾಚೆ ಎಷ್ಟು ಜನ ಸೇರಿದ್ದಾರೆಂದು ಕೇಳುವವರು ಯಾರು? ಘನತೆ ಎಂದು ನಾನು ಕರೆಯುವುದು ಆ ಕೇಳುವ ಬುದ್ಧಿಯನ್ನು. ಒಬ್ಬ ನಾಯಕ ವೇದಿಕೆ ಹತ್ತುವ ಮೊದಲು ಜನರಿಗೆ ನೀರಿದೆಯೇ, ಹೊರಗೆ ಹೋಗಲು ದಾರಿ ಇದೆಯೇ ಎಂದು ವಿಚಾರಿಸಿಕೊಂಡರೆ, ಅವರ ಬಗ್ಗೆ ಅರ್ಧ ಗಂಟೆಯ ಭಾಷಣಕ್ಕಿಂತ ಅದೇ ಹೆಚ್ಚು ಹೇಳುತ್ತದೆ.

ಹೋಗುವುದೇ ಆದರೆ ನಟನನ್ನು ಕಣ್ತುಂಬ ನೋಡಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಅಭ್ಯರ್ಥಿ ಎಷ್ಟು ಹೊತ್ತು ಮಾತಾಡಿದರು, ಏನು ಮಾತಾಡಿದರು, ಗಮನಿಸಿ. ಸಿನಿಮಾ ಡೈಲಾಗ್ ಹೊಡೆದು, ಚಪ್ಪಾಳೆ ಗಿಟ್ಟಿಸಿ, ಗುರುತು ತೋರಿಸಿ ಮುಂದಿನ ಊರಿಗೆ ಹೊರಟರೆ, ನಿಮ್ಮ ಊರಿನ ಹೆಸರು ಬಿಟ್ಟು ಬೇರೇನನ್ನೂ ಅವರು ತಿಳಿದುಕೊಂಡು ಬಂದಿಲ್ಲ.

ಮಾತಿನ ಘನತೆ ಅಳೆಯುವುದು

ಇದು ಎಲ್ಲಕ್ಕಿಂತ ಮುಖ್ಯ, ಇದಕ್ಕೆ ಯಾವ ಫಾರಮ್ಮೂ ಇಲ್ಲ. ನಾನು ಹುಡುಗರಿಗೆ ಮೂರು ಕಡೆ ಕಿವಿ ಕೊಡಲು ಹೇಳುತ್ತೇನೆ: ಎದುರಾಳಿಯ ಬಗ್ಗೆ, ಹೆಂಗಸರ ಬಗ್ಗೆ, ತೀರಿಕೊಂಡವರ ಬಗ್ಗೆ ಅವರು ಹೇಗೆ ಮಾತಾಡುತ್ತಾರೆ?

2019ರಲ್ಲಿ ಇಲ್ಲಿ ಮೂರೂ ಕೆಟ್ಟವು. ಅಂಬರೀಶ್ ತೀರಿಕೊಂಡಿದ್ದು 2018ರ ನವೆಂಬರ್ 24ರಂದು. ಕೆಲವೇ ತಿಂಗಳಲ್ಲಿ ಅವರ ಹೆಂಡತಿ ಚುನಾವಣೆಗೆ ನಿಂತರು ಎಂಬುದನ್ನೇ ದೊಡ್ಡವರು ಎನಿಸಿಕೊಂಡವರು ಆಡಿಕೊಂಡರು. ಗಂಡ ಸತ್ತ ಹೆಂಗಸು ಎಷ್ಟು ದಿನ ಮನೆಯಲ್ಲಿ ಕೂರಬೇಕೆಂದು ಲೆಕ್ಕ ಹಾಕುವ ಹಕ್ಕು ಇವರಿಗೆ ಕೊಟ್ಟವರ್ಯಾರು ಎಂದು ನಮ್ಮ ಸಂಘದಲ್ಲಿ ಹೆಣ್ಣುಮಕ್ಕಳು ಸಿಟ್ಟಾದರು. ಅದರಲ್ಲಿ ಎರಡೂ ಕಡೆಯವರಿದ್ದರು. ಪ್ರಚಾರಕ್ಕೆ ಬಂದ ನಟರನ್ನು ಜೋಡೆತ್ತಲ್ಲ, ಹೊಲ ಮೇಯುವ ಕಳ್ಳೆತ್ತು ಎಂದರು. ಎರಡು ವರ್ಷದ ಮೇಲೆ, 2021ರ ಜುಲೈಯಲ್ಲಿ, ಕೆಆರ್‌ಎಸ್ ಅಣೆಕಟ್ಟೆಯ ಸುರಕ್ಷತೆಯ ಮಾತನ್ನು ಸಂಸದೆ ಸುಮಲತಾ ಎತ್ತಿದಾಗ, ನೀರು ಸೋರುತ್ತಿದ್ದರೆ ಅವರನ್ನೇ ಅಡ್ಡ ಮಲಗಿಸಬೇಕು ಎಂಬರ್ಥದ ಮಾತು ಎಚ್.ಡಿ. ಕುಮಾರಸ್ವಾಮಿಯವರ ಬಾಯಲ್ಲಿ ಬಂತು. ಅಣೆಕಟ್ಟು ಸೋರುತ್ತಿದೆಯೋ ಇಲ್ಲವೋ ಎಂಬುದು ನಮ್ಮ ಲಕ್ಷಾಂತರ ಜನರ ಪ್ರಶ್ನೆ. ಅದಕ್ಕೆ ಉತ್ತರ ಕೊಟ್ಟು, ಸೋರುತ್ತಿಲ್ಲ, ಇಲ್ಲಿದೆ ಇಂಜಿನಿಯರುಗಳ ವರದಿ ಎಂದು ಹೇಳಿದ್ದರೆ ಅವರ ಮಾತಿಗೇ ತೂಕ ಬರುತ್ತಿತ್ತು.

ನಾವೂ ಕಡಿಮೆ ಮಾಡಲಿಲ್ಲ. ಸಿನಿಮಾ ಸಮಾರಂಭವೊಂದರಲ್ಲಿ ತಂದೆ ಕುಮಾರಸ್ವಾಮಿ ಮಗನನ್ನು ಕರೆದ ‘ನಿಖಿಲ್ ಎಲ್ಲಿದ್ದೀಯಪ್ಪ’ ಎಂಬ ಒಂದು ಸಾಲು ಹಿಡಿದು ಇಡೀ ರಾಜ್ಯ ನಕ್ಕಿತು. ಆ ಹುಡುಗ ಗೆದ್ದರೆ ಕಬ್ಬಿನ ಬಾಕಿಗೆ ಏನು ಮಾಡುತ್ತಾನೆ ಎಂದು ಕೇಳಿದವರು ಅದಕ್ಕಿಂತ ಎಷ್ಟೋ ಕಡಿಮೆ. ಅಂಥ ವಿಡಿಯೊ ನಿಮಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ನಿಮಗಾಗದ ಅಭ್ಯರ್ಥಿಯದಾದರೂ ಕಳಿಸಬೇಡಿ. ಮತದಾರರು ಕೊಡದ ಮರ್ಯಾದೆಯನ್ನು ನಾಯಕರಿಂದ ಕೇಳಲು ನಮಗೆ ಬಾಯಿ ಬರುವುದಿಲ್ಲ.

ಪ್ರಶ್ನೆ ಕೇಳುವ ರೀತಿ

‘ಅಣ್ಣ, ನಮ್ಮೂರಿಗೆ ಏನು ಮಾಡ್ತೀರಾ?’ ಎಂದು ಕೇಳಿದರೆ ‘ಎಲ್ಲಾ ಮಾಡೋಣ’ ಎಂದೇ ಉತ್ತರ ಬರುತ್ತದೆ. ಒಂದೇ ವಿಷಯ ಹಿಡಿದು ಕೇಳಿ, ಅದು ಅವರ ಕೆಲಸವೇ ಎಂದು ಮೊದಲು ಖಚಿತಪಡಿಸಿಕೊಳ್ಳಿ.

ಕಬ್ಬನ್ನೇ ತೆಗೆದುಕೊಳ್ಳಿ. ಕಬ್ಬಿನ ನ್ಯಾಯಯುತ ಬೆಲೆ ನಿಗದಿ ಮಾಡುವುದು ಕೇಂದ್ರ. ಹಾಗಾಗಿ ಬೆಲೆಯ ಪ್ರಶ್ನೆ ಲೋಕಸಭಾ ಅಭ್ಯರ್ಥಿಗೆ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಅದನ್ನು ಕಾರ್ಖಾನೆಗಳ ಕೈಲಿ ಕೊಡಿಸಬೇಕಾದ್ದು ರಾಜ್ಯದ ಕಬ್ಬು ಆಯುಕ್ತರು, ಅದು ಶಾಸಕರಿಗೆ ಕೇಳುವ ಪ್ರಶ್ನೆ. ವಿಶ್ವೇಶ್ವರಯ್ಯ ನಾಲೆಯ ಕೊನೆಯಂಚಿನ ನೀರೂ ಶಾಸಕರದೇ. 1933ರಲ್ಲಿ ಶುರುವಾದ ಮಂಡ್ಯದ ಮೈಷುಗರ್ ಸರ್ಕಾರಿ ಕಾರ್ಖಾನೆ, ಅದರ ಪ್ರಶ್ನೆಯೂ ರಾಜ್ಯಕ್ಕೇ.

ಈಗ ಪ್ರಶ್ನೆ ಹೀಗಿರಲಿ: ‘ಅಮ್ಮ, ತಡವಾದ ಕಬ್ಬಿನ ಹಣಕ್ಕೆ ಶೇ. 15 ಬಡ್ಡಿ ಸಿಗಬೇಕು ಅಂತ ಕಾನೂನಿದೆ. ನಮ್ಮೂರಲ್ಲಿ ಯಾರಿಗೂ ಸಿಕ್ಕಿಲ್ಲ. ಗೆದ್ದ ಮೇಲೆ ಮೊದಲ ಅಧಿವೇಶನದಲ್ಲಿ ಕೇಳ್ತೀರಾ, ಇಲ್ವಾ?’ ಹೌದು ಎಂದರೆ ದಿನಾಂಕ ಹಾಕಿ ಬರೆದುಕೊಳ್ಳಿ. ಗೊತ್ತಿಲ್ಲ, ತಿಳಿದುಕೊಂಡು ಹೇಳುತ್ತೇನೆ ಎಂದರೆ ಬೇಜಾರಾಗಬೇಡಿ, ಅದು ಒಳ್ಳೆಯ ಉತ್ತರ. ಪಕ್ಕದ ಮುಖಂಡ ಮೈಕ್ ಕಿತ್ತುಕೊಂಡು ಜೈಕಾರ ಕೂಗಿಸಿದರೆ ಅದನ್ನೂ ಬರೆದುಕೊಳ್ಳಿ. ಸಾಮಾನ್ಯವಾಗಿ ಪ್ರಶ್ನೆಯನ್ನು ಹೆಣ್ಣುಮಕ್ಕಳ ಕೈಯಲ್ಲೇ ಕೇಳಿಸುತ್ತೇವೆ. ಮುಖಂಡರು ಗಂಡಸರನ್ನು ಗದರಿಸಿದಷ್ಟು ಸಲೀಸಾಗಿ ಸಂಘದವರನ್ನು ಗದರಿಸುವುದಿಲ್ಲ.

ಮತಗಟ್ಟೆಯಲ್ಲಿ

ಹೆಸರು ನೋಡಿ ಒತ್ತಬೇಡಿ. 2019ರಲ್ಲಿ ಮಂಡ್ಯದ ಕಣದಲ್ಲಿ ಅದೇ ಹೆಸರಿನ ಇನ್ನೂ ಮೂವರು ಸುಮಲತಾ ಇದ್ದರು. ಯಂತ್ರದ ಮೇಲೆ ಅಭ್ಯರ್ಥಿಯ ಫೋಟೊ ಇರುತ್ತದೆ. ಗುರುತನ್ನೂ ಕ್ರಮಸಂಖ್ಯೆಯನ್ನೂ ಫೋಟೊವನ್ನೂ ಹೊಂದಿಸಿ ನೋಡಿ, ಒತ್ತಿದ ಮೇಲೆ ವಿವಿಪ್ಯಾಟ್ ಕಿಟಕಿಯಲ್ಲಿ 7 ಸೆಕೆಂಡ್ ಕಾಣುವ ಚೀಟಿ ಓದಿಯೇ ಹೊರಗೆ ಬನ್ನಿ.

ಗೆದ್ದ ಮೇಲೆ

ಹೆಚ್ಚಿನವರು ಇಲ್ಲಿಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತಾರೆ. ತಾರೆಯ ಹಾಜರಿ ನೋಡಬೇಕಾದ್ದು ಮಾತ್ರ ಇಲ್ಲಿಯೇ.

ಸಂಸದರ ಹಾಜರಿ, ಕೇಳಿದ ಪ್ರಶ್ನೆಗಳು, ಚರ್ಚೆಯಲ್ಲಿ ಮಾತಾಡಿದ ದಿನಗಳು ಪಿಆರ್‌ಎಸ್ ಎಂಬ ಸಂಸ್ಥೆಯ ಜಾಲತಾಣದಲ್ಲಿ ಸಿಗುತ್ತವೆ. ಪ್ರಶ್ನೆ ಮತ್ತು ಮಂತ್ರಿಗಳ ಉತ್ತರ ಲೋಕಸಭೆಯ ತಾಣದಲ್ಲೇ ಇರುತ್ತವೆ. ಹಾಜರಿ ಒಂದನ್ನೇ ನೋಡಬೇಡಿ, ಹಾಜರಿ ಹಾಕಿ ಹೊರಟರೂ ಲೆಕ್ಕಕ್ಕೆ ಹಾಜರಿಯೇ. ಮಂತ್ರಿಗಳ ಹಾಜರಿ ದಾಖಲಾಗುವುದೇ ಇಲ್ಲ, ಅವರನ್ನು ಹಾಜರಿಯಿಂದ ಅಳೆಯಲಾಗದು. ಕೇಳಿದ ಪ್ರಶ್ನೆಗಳಲ್ಲಿ ನಮ್ಮ ಜಿಲ್ಲೆಯ ಹೆಸರಿದೆಯೇ ಹುಡುಕಿ.

ಸಂಸದರಿಗೆ ಕ್ಷೇತ್ರದ ಕಾಮಗಾರಿಗೆಂದು ವರ್ಷಕ್ಕೆ 5 ಕೋಟಿ ರೂಪಾಯಿ ನಿಧಿ ಇದೆ. ಯಾವ ಕೆಲಸ ಬೇಕೆಂದು ಅವರು ಶಿಫಾರಸು ಮಾಡುತ್ತಾರೆ, ಮಂಜೂರು ಮಾಡುವುದು ಜಿಲ್ಲಾಧಿಕಾರಿ. ಅದರಲ್ಲಿ ಶೇ. 15 ಪರಿಶಿಷ್ಟ ಜಾತಿಯವರ, ಶೇ. 7.5 ಪರಿಶಿಷ್ಟ ಪಂಗಡದವರ ವಾಸಸ್ಥಳಗಳಿಗೆ ಹೋಗಬೇಕು. ಸಭೆಯಲ್ಲಿ ಜೋರಾಗಿ ಕೂಗಲಾರದವರ ಕೇರಿಗೆ ಚರಂಡಿ ಬಂತೇ ಎಂದು ಈ ಲೆಕ್ಕದಲ್ಲಿ ಗೊತ್ತಾಗುತ್ತದೆ. ನಾನು ಮೊದಲು ನೋಡುವುದೇ ಅದನ್ನು.

ಇದಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು, ಬಿಪಿಎಲ್ ಕಾರ್ಡಿನವರಿಗೆ ಶುಲ್ಕವಿಲ್ಲ, ಕಾರ್ಡಿನ ಜೆರಾಕ್ಸ್ ಲಗತ್ತಿಸಿ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಅದೇ ಕಚೇರಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ. ಒಕ್ಕಣೆ ನಾವು ಹೀಗೆ ಬರೆಸುತ್ತೇವೆ, ಊರು ಮತ್ತು ವರ್ಷ ಬದಲಿಸಿಕೊಂಡು ನೀವೂ ಬಳಸಬಹುದು:

‘ಸಾರ್ವಜನಿಕ ಮಾಹಿತಿ ಅಧಿಕಾರಿಗಳು, ಜಿಲ್ಲಾಧಿಕಾರಿಗಳ ಕಚೇರಿ, ಮಂಡ್ಯ. ವಿಷಯ: ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ. ಕಳೆದ ಎರಡು ಆರ್ಥಿಕ ವರ್ಷಗಳಲ್ಲಿ ಪಾಂಡವಪುರ ತಾಲ್ಲೂಕಿಗೆ ಮಾನ್ಯ ಸಂಸದರು ಶಿಫಾರಸು ಮಾಡಿದ ಕಾಮಗಾರಿಗಳ ಪಟ್ಟಿ, ಪ್ರತಿ ಕಾಮಗಾರಿಗೆ ಮಂಜೂರಾದ ಮೊತ್ತ, ಈವರೆಗೆ ಖರ್ಚಾದ ಮೊತ್ತ, ಮುಗಿದಿದ್ದರೆ ಮುಗಿದ ದಿನಾಂಕ, ಪರಿಶಿಷ್ಟರ ಕೇರಿಗಳಲ್ಲಿ ನಡೆದವು ಯಾವುವು ಎಂಬ ವಿವರಗಳನ್ನು ದೃಢೀಕೃತ ನಕಲಿನ ರೂಪದಲ್ಲಿ ಕೊಡಬೇಕಾಗಿ ವಿನಂತಿ.’